ವಾರ್ಡ್ ಪ್ರಾರ್ಥನೆ ಇರುವುದು ವಂತಿಗೆ ಎತ್ತಲಿಕ್ಕಲ್ಲ: ನಮ್ಮ ಧರ್ಮಕೇಂದ್ರಕ್ಕೊಂದು ಬಹಿರಂಗ ಪತ್ರ

ಪೂಜ್ಯ ಫಾದರ್ ಅವರಿಗೆ,
ಪಾಲನಾ ಸಮಿತಿಯ ಸದಸ್ಯರಿಗೆ,
ಎಲ್ಲ ವಾರ್ಡ್‌ಗಳ ಮುಖಂಡರಿಗೆ,

ವಿಷಯ: ನಮ್ಮ ಕಿರು ಕ್ರೈಸ್ತ ಸಮುದಾಯಗಳು, ಅಂದರೆ ಅಕ್ಕಪಕ್ಕದ ಮನೆಗಳವರು ಸೇರಿ ಪ್ರಾರ್ಥನೆ ಮಾಡುವ ನಮ್ಮ ವಾರ್ಡ್‌ಗಳು, ಯಾತಕ್ಕಾಗಿ ಇವೆ ಎನ್ನುವುದರ ಬಗ್ಗೆ.

ಮಾನ್ಯರೇ,

ಕ್ರಿಸ್ತನಲ್ಲಿ ವಂದನೆಗಳು. ನಾನು ಕಾರವಾರ ತಾಲೂಕಿನ ಕಡಲ ಬದಿಯ ನಮ್ಮ ಧರ್ಮಕೇಂದ್ರದ ಸದಸ್ಯೆ. ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಊರಿನ ಹೆಸರನ್ನಾಗಲಿ, ಯಾರ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಯಾರನ್ನೂ ನಾಲ್ಕು ಜನರ ಮುಂದೆ ತಲೆ ತಗ್ಗಿಸುವಂತೆ ಮಾಡುವ ಆಸೆ ನನಗಿಲ್ಲ. ಆದರೂ ಈ ಮಾತನ್ನು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದೇನೆ. ಪಾಲನಾ ಸಮಿತಿಗೆ ಮೊದಲು ಕೊಟ್ಟ ಪತ್ರಕ್ಕೆ ಉತ್ತರ ಬಂದಿಲ್ಲ. ಕುಮಟಾ, ಹೊನ್ನಾವರ ಕಡೆಯ ಪರಿಚಯದವರು ಸಿಕ್ಕಾಗ ಅವರೂ ಇದೇ ಬೇಸರ ಹೇಳಿಕೊಳ್ಳುತ್ತಾರೆ. ಹಾಗಾಗಿ ಇದು ಒಂದು ಊರಿನ ಜಗಳ ಅಂತ ನಾನು ತಿಳಿದಿಲ್ಲ.

ಕಳೆದ ಮಳೆಗಾಲದಲ್ಲಿ ನಮ್ಮ ವಾರ್ಡಿನಲ್ಲಿ ಏನಾಯಿತು ಎನ್ನುವುದು ನಿಮಗೆ ಗೊತ್ತು. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಒಬ್ಬರೇ ಇರುವ ವಿಧವೆ ತಾಯಿ ಒಬ್ಬರು ಬಚ್ಚಲಲ್ಲಿ ಜಾರಿ ಬಿದ್ದರು. ಒಬ್ಬ ಮಗ ಕುವೈತ್‌ನಲ್ಲಿ, ಮಗಳು ಮುಂಬೈಯಲ್ಲಿ. ಹೇಗೋ ತೆವಳಿಕೊಂಡು ಮಂಚದವರೆಗೆ ಬಂದರು. ಫೋನಿನ ಚಾರ್ಜು ಮುಗಿದಿತ್ತು, ಕರೆಂಟೂ ಇರಲಿಲ್ಲ. ಎರಡು ದಿನ ಹಾಗೇ ಕಳೆದರು. ಕೊನೆಗೆ ಬಂದು ನೋಡಿದ್ದು ಯಾರು? ಮನೆಮನೆಗೆ ಒಣಮೀನು ಮಾರಿಕೊಂಡು ಬರುವ ಹರಿಕಂತ್ರ ಎಂಬ ಮೀನುಗಾರ ಸಮುದಾಯದ ಹೆಂಗಸು. ಬಾಗಿಲು ತೆರೆದಿಲ್ಲ, ಅಂಗಳ ಗುಡಿಸಿಲ್ಲ, ಏನೋ ಸರಿಯಿಲ್ಲ ಅಂತ ಆಕೆಗೆ ಅನ್ನಿಸಿತು. ಕೂಗಿ ನೋಡಿ, ಹಿಂದಿನ ಬಾಗಿಲಿಂದ ಒಳಗೆ ಹೋಗಿ, ರಿಕ್ಷಾ ಕರೆಸಿ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಆಕೆಯೇ. ತೊಡೆಯ ಮೂಳೆ ಮುರಿದಿತ್ತು.

ಆ ಎರಡು ದಿನಗಳ ನಡುವೆಯೇ, ಆ ಮನೆಯಿಂದ ನಾಲ್ಕು ಮನೆ ಆಚೆ ನಮ್ಮ ವಾರ್ಡ್ ಪ್ರಾರ್ಥನೆ ನಡೆದಿತ್ತು. ಜಪಸರ ಆಯಿತು. ಒಂದು ಗೀತೆ ಆಯಿತು. ಆಮೇಲೆ ಹಬ್ಬದ ವಂತಿಗೆ ಯಾರ್ಯಾರದು ಬಾಕಿ ಇದೆ ಅಂತ ಪಟ್ಟಿ ಓದಿದರು. ಆ ತಾಯಿಯ ಹೆಸರೂ ಪಟ್ಟಿಯಲ್ಲಿ ಇತ್ತು. ಹೆಸರು ಓದಿದರು, ಬಾಕಿ ಅಂದರು, ಮುಂದಿನ ಹೆಸರಿಗೆ ಹೋದರು. ಎಂದೂ ತಪ್ಪಿಸದ ಅವರು ಇವತ್ತು ಯಾಕೆ ಬಂದಿಲ್ಲ ಅಂತ ಕೇಳುವುದಕ್ಕೆ ಆ ಸಭೆಯಲ್ಲಿ ಜಾಗವೇ ಇರಲಿಲ್ಲ. ವಂತಿಗೆ ಪಟ್ಟಿ ಮುಗಿಯುವ ಹೊತ್ತಿಗೆ ಚಹಾ ಬಂತು, ಎಲ್ಲರೂ ಎದ್ದರು.

ಮುಖಂಡರ ಮೇಲೆ ತಪ್ಪು ಹೊರಿಸಲು ಇದನ್ನು ಬರೆಯುತ್ತಿಲ್ಲ. ನಮ್ಮ ಮುಖಂಡರು ಒಳ್ಳೆಯವರು. ದುಡಿದು ಬಂದು, ಮುಖ ತೊಳೆದುಕೊಂಡು, ಹಾಗೇ ಪ್ರಾರ್ಥನೆಗೆ ಓಡುವವರು. ಅವರ ಕೈಗೆ ಮೇಲಿನಿಂದ ಏನು ಕೊಡುತ್ತಾರೆ? ಹಬ್ಬದ ಪಟ್ಟಿ, ಚರ್ಚಿನ ಮಾಡು ರಿಪೇರಿಯ ರಸೀದಿ ಪುಸ್ತಕ, ಲಕ್ಕಿ ಡ್ರಾ ಕೂಪನ್ನು, ಭಾನುವಾರದ ಪೂಜೆಯಲ್ಲಿ ಯಾವ ವಾರ್ಡ್ ಹಾಡಬೇಕು ಎನ್ನುವ ಚೀಟಿ. ಸಮಿತಿಯ ಸಭೆಯಲ್ಲಿ ಅವರನ್ನು ಕೇಳುವುದೂ ಎಷ್ಟು ಸಂಗ್ರಹ ಆಯಿತು, ಎಷ್ಟು ಜನ ಬಂದರು ಅಂತಲೇ. ನಿಮ್ಮ ವಾರ್ಡಿನಲ್ಲಿ ಹಾಸಿಗೆ ಹಿಡಿದವರು ಯಾರಿದ್ದಾರೆ, ಯಾರ ಮನೆಯಲ್ಲಿ ಮಾತು ನಿಂತಿದೆ, ಹೊಸದಾಗಿ ಬಾಡಿಗೆಗೆ ಬಂದವರು ಯಾರು ಅಂತ ಯಾರೂ ಕೇಳುವುದಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಯಾರಾದರೂ ಯಾಕೆ ತಿರುಗುತ್ತಾರೆ?

ಈ ಕಿರು ಸಮುದಾಯಗಳನ್ನು ಯಾಕೆ ಕಟ್ಟಿದರು ಎನ್ನುವುದನ್ನು ಸ್ವಲ್ಪ ನೆನಪು ಮಾಡಿಕೊಳ್ಳೋಣ. ಫಾದರ್, ನಿಮಗೆ ಹೇಳಿಕೊಡುವಷ್ಟು ದೊಡ್ಡವಳಲ್ಲ ನಾನು. ಆದರೆ ನಮ್ಮ ಜನರಲ್ಲಿ ಬಹಳ ಮಂದಿಗೆ ಇದು ಗೊತ್ತಿಲ್ಲ. ವಾರ್ಡ್ ಅಂದರೆ ಆಡಳಿತದ ಅನುಕೂಲಕ್ಕೆ ಮಾಡಿದ ವಿಭಾಗ ಅಂತಲೇ ತಿಳಿದಿದ್ದಾರೆ.

ಮೊದಲ ಕಾಲದ ಕ್ರೈಸ್ತರಿಗೆ ಚರ್ಚ್ ಕಟ್ಟಡವೇ ಇರಲಿಲ್ಲ. ಮನೆಗಳಲ್ಲಿ ಸೇರುತ್ತಿದ್ದರು. ಸಂತ ಪೌಲರು ರೋಮನರಿಗೆ ಬರೆದ ಪತ್ರದ ಕೊನೆಯಲ್ಲಿ ಪ್ರಿಸ್ಕ ಮತ್ತು ಅಕ್ವಿಲ ದಂಪತಿಗೆ ವಂದನೆ ಹೇಳುತ್ತಾರೆ, ಅವರ ಮನೆಯಲ್ಲಿ ಕೂಡುವ ಸಭೆಗೂ ವಂದನೆ ಹೇಳುತ್ತಾರೆ. ಫಿಲೆಮೋನನಿಗೆ ಬರೆದ ಪುಟ್ಟ ಪತ್ರದಲ್ಲೂ ಅವನ ಮನೆಯ ಸಭೆಯ ಮಾತು ಇದೆ. ಬೈಬಲಿನಲ್ಲಿ ಪ್ರೇಷಿತರ, ಅಂದರೆ ಯೇಸು ಕಳಿಸಿದ ಶಿಷ್ಯರ, ಕಾರ್ಯಕಲಾಪಗಳ ಎರಡನೇ ಅಧ್ಯಾಯ ನಮಗೆಲ್ಲ ಬಾಯಿಪಾಠ. ಪ್ರೇಷಿತರ ಬೋಧನೆ, ಅನ್ಯೋನ್ಯತೆ, ರೊಟ್ಟಿ ಮುರಿಯುವುದು, ಪ್ರಾರ್ಥನೆ. ಅಲ್ಲಿಗೇ ನಿಲ್ಲಿಸಿಬಿಡುತ್ತೇವೆ. ಅದರ ಮುಂದಿನ ವಾಕ್ಯಗಳಲ್ಲಿ ಅವರು ಆಸ್ತಿ ಮಾರಿ ಅಗತ್ಯ ಇದ್ದವರಿಗೆ ಹಂಚುತ್ತಿದ್ದರು ಎನ್ನುವುದೂ ಇದೆ. ಯಾರಿಗೆ ಅಗತ್ಯ ಇದೆ ಅಂತ ಮೊದಲು ಗೊತ್ತಾಗಬೇಕಲ್ಲ? ಒಂದೇ ಮನೆಯಲ್ಲಿ ಕೂತು ಊಟ ಮಾಡುವವರಿಗೆ ಅದು ಗೊತ್ತಾಗುತ್ತಿತ್ತು.

ಇನ್ನೊಂದು ಭಾಗವನ್ನು ನೀವೆಲ್ಲರೂ ಈ ವಾರ ಮತ್ತೊಮ್ಮೆ ಓದಬೇಕು ಅಂತ ಕೇಳಿಕೊಳ್ಳುತ್ತೇನೆ. ಅದೇ ಪುಸ್ತಕದ ಆರನೇ ಅಧ್ಯಾಯ. ಜೆರುಸಲೇಮಿನಲ್ಲಿ ವಿಶ್ವಾಸಿಗಳ ಸಂಖ್ಯೆ ಹೆಚ್ಚುತ್ತಿತ್ತು. ಗ್ರೀಕ್ ಮಾತಾಡುವವರು ಗೊಣಗಲು ಶುರು ಮಾಡಿದರು. ದಿನದಿನದ ಹಂಚಿಕೆಯಲ್ಲಿ ನಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದೀರಿ ಎನ್ನುವುದು ಅವರ ದೂರು. ಧರ್ಮಸಭೆ ಹುಟ್ಟಿ ಇನ್ನೂ ಹೆಚ್ಚು ಕಾಲ ಆಗಿರಲಿಲ್ಲ. ಆಗಲೇ ಭಾಷೆಯ ಕಾರಣಕ್ಕೆ ಕೆಲವರು ಹೊರಗುಳಿದಿದ್ದರು. ಪ್ರೇಷಿತರು ಏನು ಮಾಡಿದರು? ಗೊಣಗಬೇಡಿ ಅನ್ನಲಿಲ್ಲ. ದೂರು ಹೇಳಿದವರಿಗೆ ವಿಶ್ವಾಸ ಕಡಿಮೆ ಅಂತ ಬಯ್ಯಲಿಲ್ಲ. ಎಲ್ಲರನ್ನೂ ಕರೆದು, ಏಳು ಜನರನ್ನು ನೀವೇ ಆರಿಸಿ ಅಂದರು. ಆರಿಸಿದ ಏಳು ಹೆಸರುಗಳನ್ನು ನೋಡಿ: ಸ್ತೆಫಾನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಸ. ಎಲ್ಲವೂ ಗ್ರೀಕ್ ಹೆಸರುಗಳೇ. ಯಾರ ವಿಧವೆಯರು ಹಸಿದಿದ್ದರೋ ಅವರ ಕಡೆಯವರ ಕೈಗೇ ಬಡಿಸುವ ಕೆಲಸ ಬಂತು. ನನಗೆ ಆ ಅಧ್ಯಾಯದಲ್ಲಿ ತುಂಬ ಇಷ್ಟವಾದ ಸಂಗತಿ ಇದು.

ನಮ್ಮ ಕೆನರಾ ನೆಲದಲ್ಲೂ ಇದಕ್ಕೆ ಬೇರು ಇದೆ. ಗೋವೆಯ ಸಂತ ಜೋಸೆಫ್ ವಾಜ್ ಅವರು 1681ರಿಂದ 1684ರವರೆಗೆ ಕೆನರಾದಲ್ಲಿ ಸೇವೆ ಮಾಡಿದರು. ಚದುರಿ ಹೋಗಿದ್ದ ಕ್ರೈಸ್ತರನ್ನು ಹಳ್ಳಿಹಳ್ಳಿಗೆ ನಡೆದು ಹೋಗಿ ಒಟ್ಟುಗೂಡಿಸಿದರು. ಆಮೇಲೆ 1687ರಲ್ಲಿ ಶ್ರೀಲಂಕಾಕ್ಕೆ ಹೋದಾಗ ಅಲ್ಲಿ ಡಚ್ಚರ ಆಳ್ವಿಕೆಯಲ್ಲಿ ಕಥೋಲಿಕರಿಗೆ ಬಹಿರಂಗವಾಗಿ ಪೂಜೆ ಮಾಡುವ ಹಾಗಿರಲಿಲ್ಲ. ಮನೆಗಳಲ್ಲೇ ಗುಟ್ಟಾಗಿ ಸೇರಿದರು. ಗುರುಗಳು ಇಲ್ಲದ ಊರುಗಳಲ್ಲಿ ಜನರೇ ಪ್ರಾರ್ಥನೆ ನಡೆಸಿದರು. 2015ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದಾಗ ನಮ್ಮ ಕಡೆಯಲ್ಲೂ ಎಷ್ಟು ಸಂಭ್ರಮ ಇತ್ತು, ಅಲ್ವಾ? ಅವರ ಚಿತ್ರ ಬಹಳ ಮನೆಗಳಲ್ಲಿದೆ. ಅವರ ಹಾಗೆ ಮನೆಮನೆಗೆ ನಡೆದು ಹೋಗುವವರು ಈಗ ಯಾರು?

ಈಗಿನ ರೂಪದ ಕಿರು ಸಮುದಾಯಗಳು 1962ರಿಂದ 1965ರವರೆಗೆ ನಡೆದ ದ್ವಿತೀಯ ವ್ಯಾಟಿಕನ್ ಮಹಾಸಭೆಯ ನಂತರ ಬೆಳೆದವು. ಲ್ಯಾಟಿನ್ ಅಮೆರಿಕಾದಲ್ಲಿ ಧರ್ಮಕೇಂದ್ರಗಳು ದೊಡ್ಡವು, ಗುರುಗಳು ಕಡಿಮೆ. ಬಡವರು ಸಣ್ಣ ಗುಂಪುಗಳಲ್ಲಿ ಸೇರಿ ಬೈಬಲ್ ಓದಿ, ತಮ್ಮ ಬದುಕಿನ ಕಷ್ಟವನ್ನು ಅದರ ಬೆಳಕಲ್ಲಿ ನೋಡತೊಡಗಿದರು. ಪೂರ್ವ ಆಫ್ರಿಕಾದ ಧರ್ಮಾಧ್ಯಕ್ಷರು (ಬಿಷಪರು) 1970ರ ದಶಕದಲ್ಲಿ ಇದನ್ನೇ ತಮ್ಮ ಮುಖ್ಯ ದಾರಿ ಅಂತ ಒಪ್ಪಿಕೊಂಡರು. 1975ರಲ್ಲಿ ಪೋಪ್ ಆರನೇ ಪೌಲರು ಇಂಥ ಸಮುದಾಯಗಳು ಇಡೀ ಧರ್ಮಸಭೆಗೆ ಭರವಸೆಯಾಗಬಲ್ಲವು ಎನ್ನುವ ಅರ್ಥದ ಮಾತು ಬರೆದರು. 1990ರಲ್ಲಿ ಇಂಡೋನೇಷ್ಯಾದ ಬಾಂಡುಂಗ್‌ನಲ್ಲಿ ಸೇರಿದ ಏಷ್ಯಾದ ಧರ್ಮಾಧ್ಯಕ್ಷರು, ಧರ್ಮಸಭೆ ಅಂದರೆ ಸಮುದಾಯಗಳು ಸೇರಿ ಆದ ಸಮುದಾಯ ಆಗಬೇಕು ಅಂದರು. ಇಷ್ಟು ದೂರದಿಂದ, ಇಷ್ಟು ಯೋಚನೆ ಮಾಡಿ ಬಂದದ್ದು ನಮ್ಮ ಊರಿಗೆ ತಲುಪುವಾಗ ರಸೀದಿ ಪುಸ್ತಕ ಆಗಿಬಿಟ್ಟಿದೆ. ನನ್ನ ಸಂಕಟ ಇದೇ.

ದಕ್ಷಿಣ ಆಫ್ರಿಕಾದ ಲುಮ್ಕೊ ಸಂಸ್ಥೆ ರೂಪಿಸಿದ ಏಳು ಹೆಜ್ಜೆಗಳ ವಾಕ್ಯ ಹಂಚಿಕೆಯನ್ನು ನಮಗೂ ತರಬೇತಿಯಲ್ಲಿ ಕಲಿಸಿದ್ದರು. ಹಳೆಯ ಮುಖಂಡರಿಗೆ ನೆನಪಿರಬಹುದು. ಮೊದಲು ಪ್ರಭುವನ್ನು ನಮ್ಮ ನಡುವೆ ಕರೆಯುವುದು. ಎರಡನೆಯದು, ಬೈಬಲಿನ ಭಾಗ ಓದುವುದು. ಮೂರನೆಯದು, ಮನಸ್ಸಿಗೆ ನಾಟಿದ ಮಾತನ್ನು ಆರಿಸಿ ಮೆಲ್ಲಗೆ ಹೇಳುವುದು. ಆಮೇಲೆ ಸ್ವಲ್ಪ ಹೊತ್ತು ಮೌನ. ಐದನೆಯದು, ನಮ್ಮ ಮನಸ್ಸಲ್ಲಿ ಬಂದದ್ದನ್ನು ಹಂಚಿಕೊಳ್ಳುವುದು. ಇಲ್ಲಿ ಯಾರೂ ಯಾರಿಗೂ ಪ್ರಸಂಗ ಮಾಡುವ ಹಾಗಿಲ್ಲ. ಏಳನೆಯದು, ನಮ್ಮದೇ ಮಾತಲ್ಲಿ ಪ್ರಾರ್ಥನೆ.

ಆರನೆಯದನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡೆ. ಪ್ರಭು ನಮ್ಮಿಂದ ಈಗ ಏನು ಬಯಸುತ್ತಾನೆ ಅಂತ ಕೇಳಿಕೊಳ್ಳುವುದು ಆರನೇ ಹೆಜ್ಜೆ. ಕಳೆದ ಸಲ ವಹಿಸಿಕೊಂಡ ಕೆಲಸ ಏನಾಯಿತು? ಈ ವಾರ ಯಾರ ಮನೆಗೆ ಹೋಗಬೇಕು? ಯಾರು ಹೋಗುತ್ತಾರೆ? ಯಾವಾಗ? ಹೆಸರು ಹಿಡಿದು, ದಿನ ಹಿಡಿದು ಮಾತಾಡುವ ಹೆಜ್ಜೆ ಅದು. ನಮ್ಮ ವಾರ್ಡಿನಲ್ಲಿ ಬೈಬಲ್ ಓದುವುದು ಈಗಲೂ ಆಗೊಮ್ಮೆ ಈಗೊಮ್ಮೆ ಇದೆ. ಆರನೇ ಹೆಜ್ಜೆ ಪೂರ್ತಿ ನಿಂತುಹೋಗಿದೆ. ಆ ಜಾಗಕ್ಕೆ ಸೂಚನೆಗಳು, ವಂತಿಗೆ ಬಂದಿವೆ. ಆರನೇ ಹೆಜ್ಜೆ ಬಿಟ್ಟ ಸಭೆ, ಬಲೆ ನೇಯ್ದು, ಒಣಗಿಸಿ, ಮಡಚಿ, ಕಡಲಿಗೆ ಇಳಿಸದೆ ಇಟ್ಟ ಹಾಗೆ.

ಆ ಹೆಜ್ಜೆ ಇದ್ದಿದ್ದರೆ ಆ ತಾಯಿಯ ಮನೆಯ ಬಾಗಿಲು ಅವತ್ತೇ ಸಂಜೆ ಯಾರಾದರೂ ತಟ್ಟುತ್ತಿದ್ದರು. ಇಷ್ಟೇ ನಾನು ಹೇಳುತ್ತಿರುವುದು.

ಮೊದಲು ಇದೆಲ್ಲ ಬೇಕಾಗಿರಲಿಲ್ಲ, ಈಗ ಯಾಕೆ ಅಂತ ಸಮಿತಿಯ ಹಿರಿಯರೊಬ್ಬರು ಕೇಳಿದ್ದರು. ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. ನಾವು ಚಿಕ್ಕವರಿದ್ದಾಗ ವಾಡೊ, ಅಂದರೆ ಕೇರಿ, ಅಂತ ಒಂದಿತ್ತು. ವಾಡೊದ ಮೂಲೆಯಲ್ಲಿ ಒಂದು ಕುರ್ಸು, ಅಂದರೆ ಶಿಲುಬೆ. ಸಂಜೆ ಅಲ್ಲಿ ದೀಪ ಹಚ್ಚಿ ಪ್ರಾರ್ಥನೆ ಹೇಳುತ್ತಿದ್ದರು. ಬೇಯಿಸಿದ ಕಡಲೆ ಹಂಚುತ್ತಿದ್ದರು. ಯಾರ ಮನೆಯ ಒಲೆ ಹೊತ್ತಿಲ್ಲ ಎನ್ನುವುದು ಹೊಗೆ ನೋಡಿಯೇ ಗೊತ್ತಾಗುತ್ತಿತ್ತು. ಆಗ ಸಮಿತಿ ಬೇಡ, ಸಂಯೋಜಕರು ಬೇಡ. ನೆರೆಹೊರೆ ತನ್ನಷ್ಟಕ್ಕೇ ಆ ಕೆಲಸ ಮಾಡುತ್ತಿತ್ತು.

ಆ ನೆರೆಹೊರೆ ಈಗ ಇಲ್ಲ. ಸೀಬರ್ಡ್ ನೌಕಾನೆಲೆಗಾಗಿ ಕಾರವಾರದಿಂದ ಅಂಕೋಲಾ ಕಡೆಗಿನ ಕಡಲ ಬದಿಯ ಹಳ್ಳಿಗಳನ್ನು ಎಬ್ಬಿಸಿದರು. ಅಕ್ಕಪಕ್ಕದಲ್ಲೇ ಹುಟ್ಟಿ ಬೆಳೆದವರು ಬೇರೆ ಬೇರೆ ಕಡೆಗೆ ಹಂಚಿ ಹೋದರು. 2005ರಲ್ಲಿ ಐಎನ್‌ಎಸ್ ಕದಂಬ ಎಂಬ ಹೆಸರಲ್ಲಿ ಆ ನೆಲೆಯ ಉದ್ಘಾಟನೆ ಆಯಿತು. ಪರಿಹಾರದ ಲೆಕ್ಕ ಕೋರ್ಟಿನಲ್ಲಿ ವರ್ಷಗಟ್ಟಲೆ ನಡೆಯಿತು. ಒಡೆದು ಹೋದ ನೆರೆಹೊರೆಗೆ ಪರಿಹಾರ ಎಲ್ಲಿದೆ? ನೆಲ ಕಳೆದುಕೊಳ್ಳದವರ ಬದುಕೂ ಬದಲಾಗಿದೆ. ನಮ್ಮ ಹುಡುಗರು ಬೆಳಿಗ್ಗೆ ಕತ್ತಲಿರುವಾಗಲೇ ಎದ್ದು ಗೋವೆಯ ಕಾರ್ಖಾನೆಗಳಿಗೆ ಹೋಗುತ್ತಾರೆ, ರಾತ್ರಿ ವಾಪಸ್ ಬರುತ್ತಾರೆ. 2024ರ ಆಗಸ್ಟ್‌ನಲ್ಲಿ ಗೋವೆಯ ದಾರಿಯಲ್ಲಿದ್ದ ಕಾಳಿ ನದಿಯ ಹಳೆ ಸೇತುವೆ ಕುಸಿದ ರಾತ್ರಿ ಎಷ್ಟು ಮನೆಗಳಲ್ಲಿ ತಾಯಂದಿರು ಎದ್ದು ಕೂತು ಫೋನ್ ಮಾಡಿದರು ಅಂತ ನನಗೆ ಗೊತ್ತು. ಕೆಲವರ ಮಕ್ಕಳು ಕೊಲ್ಲಿ ದೇಶಗಳಲ್ಲಿ. ದೊಡ್ಡ ಮನೆಗಳಲ್ಲಿ ಒಬ್ಬೊಬ್ಬರೇ ಮುದುಕರು. ಸುತ್ತ ಕಾಂಪೌಂಡ್ ಗೋಡೆ ಬೇರೆ.

ಅದರ ಜೊತೆಗೆ ಹೊಸಬರು ಬಂದಿದ್ದಾರೆ. ಕೈಗಾ ಅಣುಸ್ಥಾವರ, ನೌಕಾನೆಲೆ, ಹೆದ್ದಾರಿ ಕೆಲಸಕ್ಕೆ ಬಂದವರು. ಕೇರಳದವರಿದ್ದಾರೆ, ತಮಿಳರಿದ್ದಾರೆ, ಜಾರ್ಖಂಡ್‌ನ ಹುಡುಗರಿದ್ದಾರೆ. ಹಳಿಯಾಳ, ಯಲ್ಲಾಪುರ ಕಡೆಯಿಂದ ಬಂದ ಸಿದ್ದಿ ಕುಟುಂಬಗಳೂ ಇವೆ. ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಬಾಡಿಗೆಗೆ ಇರುವ ಅಂಥ ಒಂದು ಕುಟುಂಬದ ವಿಷಯ ಹೇಳಬೇಕು. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಭಾನುವಾರ ತಪ್ಪದೆ ಪೂಜೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ಅವರ ಹೆಸರು ವಾರ್ಡ್ ಪಟ್ಟಿಯಲ್ಲಿ ಇಲ್ಲ. ಕೇಳಿದರೆ, ಅವರ ಕುಟುಂಬ ಕಾರ್ಡ್ ಅವರ ಊರಿನ ಧರ್ಮಕೇಂದ್ರದಲ್ಲಿದೆ, ನಮ್ಮಲ್ಲಿಗೆ ವರ್ಗಾವಣೆ ಆಗಿಲ್ಲ, ಹಾಗಾಗಿ ವಂತಿಗೆಯೂ ಇಲ್ಲ, ಹೆಸರೂ ಇಲ್ಲ ಅಂತ ಉತ್ತರ ಬಂತು. ಆ ಹೆಣ್ಣುಮಗಳು ಒಮ್ಮೆ ಧೈರ್ಯ ಮಾಡಿ ಪ್ರಾರ್ಥನೆಗೆ ಬಂದಿದ್ದಳು. ನಮ್ಮ ಕಡೆಯ ಕೊಂಕಣಿ ಆಕೆಗೆ ಅರ್ಧಂಬರ್ಧ ಅರ್ಥವಾಗುತ್ತದೆ. ಓದುವ ಸರದಿ ಬಂದಾಗ ಪುಸ್ತಕ ಮುಂದಕ್ಕೆ ದಾಟಿಸಿಬಿಟ್ಟರು. ಕನ್ನಡ ಬೈಬಲ್ ಆ ಮನೆಯ ಕಪಾಟಿನಲ್ಲೇ ಇತ್ತು. ಆಕೆ ಮತ್ತೆ ಬರಲಿಲ್ಲ.

ಕೊಂಕಣಿ ನನ್ನ ತಾಯಿಭಾಷೆ. ಅದರಲ್ಲಿ ಪ್ರಾರ್ಥನೆ ಮಾಡಿದರೇ ನನಗೆ ಸಮಾಧಾನ. ಅದನ್ನು ಬಿಡಿ ಅಂತ ನಾನು ಹೇಳುವುದೇ ಇಲ್ಲ. ಆದರೆ ಹಂಚಿಕೊಳ್ಳುವ ಹೊತ್ತಿನಲ್ಲಿ ಆಕೆ ಕನ್ನಡದಲ್ಲಿ ನಾಲ್ಕು ಮಾತು ಹೇಳಿದರೆ ನಮಗೆ ಅರ್ಥವಾಗುವುದಿಲ್ಲವೇ? ನಾವೆಲ್ಲ ಓದಿದ್ದೇ ಕನ್ನಡ ಶಾಲೆಯಲ್ಲಿ. ಆರನೇ ಅಧ್ಯಾಯದ ಗ್ರೀಕ್ ವಿಧವೆಯರು ನಮ್ಮ ಓಣಿಯಲ್ಲೇ ಇದ್ದಾರೆ.

ಇದೆಲ್ಲ ಆಗದ ಮಾತು ಅನ್ನಬೇಡಿ. ನಮ್ಮಲ್ಲೇ ಆಗಿದೆ. 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟಿನ ಗೇಟು ತೆರೆದು ಕಾಳಿ ದಂಡೆಯ ಊರುಗಳಿಗೆ ನೀರು ನುಗ್ಗಿತ್ತು. ಆಗ ನಮ್ಮ ಧರ್ಮಕೇಂದ್ರದ ಒಂದು ವಾರ್ಡಿನವರು ಯಾರ ಅಪ್ಪಣೆಗೂ ಕಾಯಲಿಲ್ಲ. ಹೆಂಗಸರು ಒಂದು ಮನೆಯ ಅಂಗಳದಲ್ಲಿ ಗಂಜಿ ಬೇಯಿಸಿದರು. ಹುಡುಗರು ಬೈಕಿನಲ್ಲಿ ಹೊದಿಕೆ, ಬಟ್ಟೆ ಒಯ್ದರು. 2020ರ ಲಾಕ್‌ಡೌನ್‌ನಲ್ಲಿ ಅದೇ ವಾರ್ಡಿನಲ್ಲಿ ಯಾರಿಗೆ ಸಕ್ಕರೆ ಕಾಯಿಲೆಯ ಮಾತ್ರೆ ಬೇಕು, ಯಾರಿಗೆ ಡಯಾಲಿಸಿಸ್‌ಗೆ ಹೋಗಲು ಗಾಡಿ ಬೇಕು ಎನ್ನುವ ಪಟ್ಟಿ ಒಬ್ಬ ಹುಡುಗಿಯ ನೋಟ್‌ಬುಕ್ಕಿನಲ್ಲಿ ಇತ್ತು. ಅದು ಹೇಗೆ ಸಾಧ್ಯವಾಯಿತು? ಅಲ್ಲಿದ್ದ ಸಿಸ್ಟರ್ ಒಬ್ಬರು ವರ್ಷಗಟ್ಟಲೆ ಆ ವಾರ್ಡಿನ ಮನೆಗಳಿಗೆ ನಡೆದು ಹೋಗಿ, ಏಳು ಹೆಜ್ಜೆಗಳನ್ನೂ ಬಿಡದೆ ಮಾಡಿಸಿದ್ದರು. ಅವರಿಗೆ ವರ್ಗ ಆಯಿತು. ಆಮೇಲೆ ಯಾರೂ ಆ ಕೆಲಸ ಹಿಡಿಯಲಿಲ್ಲ.

ಕೆಲವು ಆಕ್ಷೇಪಗಳು ನನ್ನ ಕಿವಿಗೆ ಬಿದ್ದಿವೆ. ಪ್ರಾರ್ಥನೆಯನ್ನು ಸಮಾಜಸೇವೆ ಮಾಡಬೇಡಿ ಎನ್ನುವುದು ಒಂದು. ಯಕೋಬರ ಪತ್ರದ ಎರಡನೇ ಅಧ್ಯಾಯ ಇದಕ್ಕೆ ಉತ್ತರ ಕೊಟ್ಟಿದೆ. ಬಟ್ಟೆಯಿಲ್ಲದೆ, ಊಟವಿಲ್ಲದೆ ಇರುವ ಸಹೋದರನಿಗೆ ಹೋಗಿ ಬಾ, ಬೆಚ್ಚಗಿರು, ಹೊಟ್ಟೆ ತುಂಬ ಉಣ್ಣು ಅಂತ ಬಾಯಿಮಾತು ಹೇಳಿ ಕಳಿಸಿದರೆ ಏನು ಫಲ ಅಂತ ಅವರೇ ಕೇಳುತ್ತಾರೆ. ಬಡವರನ್ನು ನೋಡಿಕೊಳ್ಳಲು ವಿನ್ಸೆಂಟ್ ದೆ ಪೌಲ್ ಸಭೆ ಇದೆಯಲ್ಲ ಎನ್ನುವುದು ಇನ್ನೊಂದು. ಆ ಸಭೆಯವರ ಬಗ್ಗೆ ನನಗೆ ಬಹಳ ಗೌರವ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಕೆಲವು ಕಾಲೇಜು ಹುಡುಗರು ಬಡವರ ಮನೆಗೆ ಹೋಗುವುದರಿಂದಲೇ ಅದನ್ನು ಶುರು ಮಾಡಿದರು. ಆದರೆ ನಮ್ಮಲ್ಲಿ ಆ ಸಭೆಯವರು ಕೆಲವೇ ಜನ. ಇಡೀ ಧರ್ಮಕೇಂದ್ರದ ಭಾರ ಅವರ ಮೇಲೆ ಹಾಕಿ ನಾವು ಕೈ ತೊಳೆದುಕೊಳ್ಳಬಹುದೇ? ಅಲ್ಲದೆ, ಬಿದ್ದ ಆ ತಾಯಿ ಬಡವರೇನೂ ಅಲ್ಲ. ಅವರಿಗೆ ಬೇಕಾಗಿದ್ದು ಹಣ ಅಲ್ಲ, ಬಾಗಿಲು ತಟ್ಟುವ ಒಬ್ಬ ಮನುಷ್ಯ.

ಮೂರನೆಯದನ್ನು ಜನ ದನಿ ತಗ್ಗಿಸಿ ಹೇಳುತ್ತಾರೆ. 2022ರಲ್ಲಿ ರಾಜ್ಯದಲ್ಲಿ ಮತಾಂತರ ತಡೆ ಕಾಯ್ದೆ ಜಾರಿಗೆ ಬಂದಾಗಿನಿಂದ ಮನೆಯಲ್ಲಿ ಸೇರಿ ಪ್ರಾರ್ಥನೆ ಮಾಡಲು ಹೆದರಿಕೆ ಹುಟ್ಟಿದೆ. ಹೊಸ ಮುಖಗಳನ್ನು ಕರೆಯಲು ಹಿಂಜರಿಯುತ್ತಾರೆ. ಈ ಹೆದರಿಕೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ನಾವು ಕೂಡುವುದು ನಮ್ಮ ಮನೆಯಲ್ಲಿ, ಬಾಗಿಲು ತೆರೆದಿಟ್ಟು, ನಮ್ಮವರ ಜೊತೆ. ಪಕ್ಕದ ಮನೆಯ ನಾಯಕರಿಗೋ, ಗೌಡರಿಗೋ, ಹರಿಕಂತ್ರರಿಗೋ ಕಾಯಿಲೆಯಾದಾಗ ಗಂಜಿ ಒಯ್ದು ಕೊಡುವುದಕ್ಕೂ ಧರ್ಮ ಬದಲಿಸುವುದಕ್ಕೂ ಸಂಬಂಧವೇ ಇಲ್ಲ. ಅದನ್ನು ನಮ್ಮೂರಿನ ಜನ ಚೆನ್ನಾಗಿ ಬಲ್ಲರು. ಆ ತಾಯಿಯನ್ನು ಆಸ್ಪತ್ರೆಗೆ ಒಯ್ದಾಕೆ ಅವರ ಧರ್ಮ ಯಾವುದು ಅಂತ ಕೇಳಲಿಲ್ಲ.

ಈಗ ನನ್ನ ಬೇಡಿಕೆಗಳು. ಎಲ್ಲಕ್ಕಿಂತ ಮೊದಲು, ವಾರ್ಡ್ ಪ್ರಾರ್ಥನೆಯಲ್ಲಿ ವಂತಿಗೆ ಸಂಗ್ರಹವನ್ನೂ ಬಾಕಿ ಪಟ್ಟಿ ಓದುವುದನ್ನೂ ನಿಲ್ಲಿಸಿ. ಚರ್ಚಿಗೆ ಹಣ ಬೇಕು, ನನಗೆ ಗೊತ್ತು. ಮಾಡು ಸೋರುತ್ತಿದ್ದರೆ ರಿಪೇರಿ ಆಗಲೇಬೇಕು. ಅದಕ್ಕೆ ಭಾನುವಾರ ಪೂಜೆಯ ನಂತರ ಕಚೇರಿಯಲ್ಲಿ ಮೇಜು ಹಾಕಿ ಕೂರಬಹುದು. ಬಾಕಿ ಇದ್ದವರಿಗೆ ಖಾಸಗಿಯಾಗಿ ಚೀಟಿ ಕೊಡಬಹುದು. ಕಡಲಿಗೆ ಹೋಗುವ ಮನೆಗಳಲ್ಲಿ ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳು ದಡದಲ್ಲೇ ಇರುತ್ತವೆ. ಆ ಎರಡು ತಿಂಗಳು ಕೈಯಲ್ಲಿ ಕಾಸು ಇರುವುದಿಲ್ಲ, ಶಾಲೆಯ ಖರ್ಚು ಬರುವುದೂ ಆಗಲೇ. ಅಂಥ ಹೊತ್ತಿನಲ್ಲಿ ಹತ್ತು ಜನರ ಮುಂದೆ ಹೆಸರು ಓದಿದರೆ ಆ ಮನೆಯವರು ಮುಂದಿನ ಪ್ರಾರ್ಥನೆಗೆ ಯಾವ ಮುಖ ಹೊತ್ತು ಬರುತ್ತಾರೆ? ಎಷ್ಟೋ ಜನ ಬರುವುದನ್ನೇ ಬಿಟ್ಟದ್ದು ಇದೇ ಕಾರಣಕ್ಕೆ.

ಆರನೇ ಹೆಜ್ಜೆಯನ್ನು ಮತ್ತೆ ಶುರು ಮಾಡಿ. ಪ್ರತಿ ವಾರ್ಡಿಗೂ ಒಂದು ಸಣ್ಣ ಪುಸ್ತಕ ಇರಲಿ. ಯಾರ ಮನೆಗೆ ಯಾರು ಹೋಗುತ್ತೇವೆ ಅಂದೆವು, ಹೋದೆವಾ ಇಲ್ಲವಾ ಅಷ್ಟೇ ಬರೆದರೆ ಸಾಕು. ಹೋದ ಮನೆಯಲ್ಲಿ ಕೇಳಿದ ಕಷ್ಟವನ್ನು ಅದರಲ್ಲಿ ಬರೆಯಬಾರದು, ಬೇರೆಡೆ ಆಡಲೂ ಬಾರದು. ಇದನ್ನು ಒತ್ತಿ ಹೇಳುತ್ತೇನೆ, ಫಾದರ್. ಒಮ್ಮೆ ಒಬ್ಬರ ಮನೆಯ ಕುಡಿತದ ವಿಷಯ ಪ್ರಾರ್ಥನೆಯಲ್ಲಿ ಹಂಚಿಕೊಂಡದ್ದು ಮರುದಿನ ಮೀನು ಪೇಟೆಯಲ್ಲಿ ಹರಿದಾಡಿತ್ತು. ಆ ಮನೆಯ ಹೆಂಗಸು ಇವತ್ತಿಗೂ ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ.

ವಾರ್ಡಿನ ಪಟ್ಟಿಯನ್ನು ಕಾರ್ಡ್ ನೋಡಿ ಮಾಡಬೇಡಿ, ಓಣಿಯಲ್ಲಿ ನಡೆದು ಮಾಡಿ. ಬಾಡಿಗೆಗೆ ಇರುವವರು, ಹಾಸ್ಟೆಲ್ ಹುಡುಗಿಯರು, ಕೆಲಸಕ್ಕೆ ಬಂದು ಶೆಡ್ಡಿನಲ್ಲಿ ಇರುವ ಹುಡುಗರು, ಎಲ್ಲರ ಹೆಸರೂ ಬರಲಿ. ಅವರವರ ಭಾಷೆಯಲ್ಲಿ ಓದಲು, ಮಾತಾಡಲು ಬಿಡಿ. ನಮ್ಮ ದೊಡ್ಡ ವಾರ್ಡ್‌ಗಳನ್ನು ಒಡೆದು ಹತ್ತು ಹದಿನೈದು ಮನೆಗಳಷ್ಟೇ ಇರುವ ಗುಂಪು ಮಾಡಿ. ಅರವತ್ತು ಮನೆ ಇದ್ದರೆ ಯಾರು ಬಂದರು, ಯಾರು ಬರಲಿಲ್ಲ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಸಮಯವನ್ನೂ ಗುಂಪಿನವರೇ ನಿರ್ಧರಿಸಲಿ. ಸಂಜೆ ಆರಕ್ಕೆ ಅಂದರೆ ಗೋವೆಗೆ ಹೋಗಿ ಬರುವವರು ಒಬ್ಬರೂ ಸಿಗುವುದಿಲ್ಲ. ಗಂಡಸರು ಬರುವುದಿಲ್ಲ, ಯುವಕರು ಬರುವುದಿಲ್ಲ ಅಂತ ಪ್ರತಿ ವರ್ಷ ವರದಿಯಲ್ಲಿ ಬರೆಯುವುದರ ಬದಲು ಭಾನುವಾರ ಮಧ್ಯಾಹ್ನ ಸೇರಿ ನೋಡಬಹುದಲ್ಲ?

ಮುಖಂಡರನ್ನು ಮೂರು ವರ್ಷಕ್ಕೊಮ್ಮೆ ಬದಲಿಸಿ, ತರಬೇತಿ ಕೊಡಿ. ಬರುವವರಲ್ಲಿ ಹೆಂಗಸರೇ ಜಾಸ್ತಿ. ಸಮಿತಿಯಲ್ಲಿ ತೀರ್ಮಾನ ಮಾಡುವವರಲ್ಲಿ ಅವರು ಎಷ್ಟು ಜನ ಇದ್ದಾರೆ ಅಂತ ಒಮ್ಮೆ ನೋಡಿ. ಪೋಪ್ ಫ್ರಾನ್ಸಿಸ್ 2021ರಲ್ಲಿ ಶುರು ಮಾಡಿದ, ಸಮಾಲೋಚನಾ ಸಭೆಯಾದ ಸಿನೊಡ್‌ನಲ್ಲಿ ಜನರ ಮಾತು ಕೇಳಿ ಅಂತ ಇಡೀ ಧರ್ಮಸಭೆಗೆ ಹೇಳಿದರು. ನಮ್ಮ ವಾರ್ಡಿಗೂ ಪ್ರಶ್ನೆಗಳ ಹಾಳೆ ಬಂದಿತ್ತು. ಇಬ್ಬರು ಕೂತು ತುಂಬಿ ಕಳಿಸಿದರು. ಈ ಪತ್ರವನ್ನು ಆ ಹಾಳೆಯ ಉತ್ತರ ಅಂತಲಾದರೂ ತೆಗೆದುಕೊಳ್ಳಿ.

ಎಲ್ಲವನ್ನೂ ಒಂದೇ ಸಲ ಮಾಡಿ ಅಂತ ನಾನು ಹಟ ಹಿಡಿಯುವುದಿಲ್ಲ. ಬರುವ ತಪಸ್ಸುಕಾಲದ (ಈಸ್ಟರ್ ಹಬ್ಬಕ್ಕೆ ಮುಂಚಿನ ವ್ರತದ ದಿನಗಳ) ಮೊದಲು ಒಂದೇ ಒಂದು ವಾರ್ಡಿನಲ್ಲಿ ಶುರು ಮಾಡಿ. ನಮ್ಮ ವಾರ್ಡಿನಲ್ಲೇ ಆಗಲಿ. ಓಣಿ ಸುತ್ತಿ ಮನೆಗಳ ಪಟ್ಟಿ ಮಾಡುವ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ. ನನ್ನ ಜೊತೆ ಬರಲು ಇನ್ನೂ ಮೂವರು ಒಪ್ಪಿದ್ದಾರೆ, ಅದರಲ್ಲಿ ಇಬ್ಬರು ಕಾಲೇಜು ಮಕ್ಕಳು. ನಮಗೆ ಹಣ ಬೇಡ. ಸಮಿತಿಯ ಒಪ್ಪಿಗೆ ಬೇಕು, ಮತ್ತು ಮೊದಲ ದಿನ ಫಾದರ್ ನಮ್ಮ ಜೊತೆ ನಾಲ್ಕು ಮನೆಗೆ ನಡೆದು ಬರಬೇಕು. ಮುಂದಿನ ಪಾಲನಾ ಸಮಿತಿ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಿ, ಆದ ತೀರ್ಮಾನವನ್ನು ಭಾನುವಾರದ ಪೂಜೆಯಲ್ಲಿ ಎಲ್ಲರಿಗೂ ತಿಳಿಸಬೇಕು ಅಂತ ಕೇಳಿಕೊಳ್ಳುತ್ತೇನೆ. ಒಪ್ಪಿಗೆ ಇಲ್ಲದಿದ್ದರೆ ಯಾಕೆ ಇಲ್ಲ ಎನ್ನುವುದನ್ನೂ ಅಲ್ಲೇ ಹೇಳಿ.

ಇಂತಿ ಗೌರವದಿಂದ,
ನಿಮ್ಮ ಧರ್ಮಕೇಂದ್ರದ ಒಬ್ಬ ಸದಸ್ಯೆ,
ಕಾರವಾರ ತಾಲೂಕು